ನೋಡಿಕೊಳ್ಳುವ ಕೋಶಗಳು

ಮಾರ್ಚ್ 4, ಮಂಗಳವಾರ

ಇವತ್ತು ತಮ್ಮ ಒಂದೇ ಶರಟಿಗೆ ಎರಡು ಎಡ ತೋಳು ಕತ್ತರಿಸಿದ.

ಗುಂಡಿ, ದಾರ ಮಾರುವ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ದಿನ ನನ್ನ ಹೊಲಿಗೆ ಮಿಷನ್ನಿನ ಕಾಲಿನ ಕೆಳಗೆ ಒತ್ತಾಗಿ ಬಿದ್ದಿತ್ತು. ಎಳೆದು ತೆಗೆದಿದ್ದೇನೆ. ಮಿಷನ್ನು ಅಲುಗಾಡಿದರೆ ಅಲುಗಾಡಲಿ. ಹೇಳಿಕೊಳ್ಳದೆ ಇದ್ದರೆ ನನಗೆ ಹುಚ್ಚು ಹಿಡಿಯುತ್ತದೆ, ಹೇಳಿಕೊಳ್ಳುವುದಕ್ಕೆ ಯಾರೂ ಇಲ್ಲ.

ತೋಳಿಗೆ ಕಾಗದದ ಅಚ್ಚು ಒಂದೇ ಇರುತ್ತದೆ. ಬಟ್ಟೆಯ ಮೇಲೆ ಒಮ್ಮೆ ಇಟ್ಟು ಗೆರೆ ಎಳೆದ ಮೇಲೆ ಅದನ್ನು ಮಗುಚಿ ಇನ್ನೊಮ್ಮೆ ಎಳೆಯಬೇಕು. ಮಗುಚದಿದ್ದರೆ ಎರಡೂ ಎಡಗೈಯೇ. ಕೆಲಸ ಕಲಿಯಲು ಬಂದವರು ಮೊದಲ ವಾರದಲ್ಲಿ ಮಾಡಿ ಬೈಸಿಕೊಳ್ಳುವ ತಪ್ಪು ಇದು. ಇವನು ಮೀಸೆ ಮೂಡುವ ಮೊದಲೇ ಕತ್ತರಿ ಹಿಡಿದವನು. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಅವನು ಕತ್ತರಿಸುತ್ತಾನೆ, ನಾನು ಹೊಲಿಯುತ್ತೇನೆ. ಇಷ್ಟು ವರ್ಷದಲ್ಲಿ ಅವನ ಕೈಯಿಂದ ಇಂಥದ್ದು ಆದದ್ದಿಲ್ಲ. ತೋಳುಗಳನ್ನು ಎತ್ತಿ ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಬಿಡಕ್ಕ, ಇನ್ನೊಂದು ಶರಟಿಗೆ ಎರಡು ಬಲ ತೋಳು ಕತ್ತರಿಸ್ತೀನಿ. ಸರಿಹೋಯ್ತಲ್ಲ?”

ನಾನೂ ನಕ್ಕೆ. ಆಮೇಲೆ ತೋಳುಗಳನ್ನು ಒಂದರ ಮೇಲೊಂದಿಟ್ಟು ಮತ್ತೆ ನೋಡಿದೆ.

ನನ್ನ ತಮ್ಮನಿಗೆ ಎಚ್‌ಐವಿ ಇದೆ. ಬರೆದುಬಿಟ್ಟೆ. ಬಾಯಲ್ಲಿ ಈ ಮಾತನ್ನು ನಾನು ಆಸ್ಪತ್ರೆಯ ಹೊರಗೆ ಎಲ್ಲೂ ಆಡಿಲ್ಲ. ಹೇಗೆ ಬಂತು ಎಂದು ಕೇಳುವವರಿಗಾಗಿ ಈ ಪುಟ ಅಲ್ಲ. ಬಂದು ಬಹಳ ವರ್ಷವಾಯಿತು, ಒಂದು ದಿನ ತಪ್ಪದೆ ಮಾತ್ರೆ ನುಂಗುತ್ತಾನೆ, ರಕ್ತದಲ್ಲಿ ವೈರಸ್ಸು ಪತ್ತೆಗೇ ಸಿಗುವುದಿಲ್ಲ ಎಂದು ಪ್ರತಿ ಸಲವೂ ಬರೆದುಕೊಡುತ್ತಾರೆ. ಆದರೆ ಹಿಂದೊಮ್ಮೆ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. ಕೆಲವರಿಗೆ ರಕ್ತ ಚೆನ್ನಾಗಿದ್ದರೂ ಮೆದುಳಿಗೆ ತೊಂದರೆ ಆಗಬಹುದು. ಮರೆವು, ನಿಧಾನ, ಕೈತಪ್ಪು ಕಂಡರೆ ತಿಳಿಸಿ ಎಂದು. ಅವನು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ನಾನು ಬಿಡಲಿಲ್ಲ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಅಡುಗೆಮನೆಗೆ ಬಂದು ಸುಮ್ಮನೆ ನಿಂತ. ಏನು ಬೇಕೋ ಎಂದೆ. “ಯಾಕೆ ಬಂದೆ ಅಂತಾನೇ ಮರೆತೋಯ್ತು” ಎಂದು ತಲೆ ಕೆರೆದುಕೊಂಡು ಹೋದ. ಎಲ್ಲರಿಗೂ ಆಗುತ್ತದೆ, ನನಗೂ ಆಗುತ್ತದೆ. ಆದರೆ ನನಗೆ ಆದರೆ ಅದು ಬರೀ ಮರೆವು.

ಅಂಗಡಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದೆ. ಹಾಡು ಗುನುಗುತ್ತ ಕತ್ತರಿಸುವುದು ಅವನ ಅಭ್ಯಾಸ; ಅರ್ಧ ಸಾಲು ಗುನುಗಿ, ಕತ್ತರಿ ತಿರುಗುವ ಕಡೆ ನಿಲ್ಲಿಸಿ, ಮತ್ತೆ ಹಿಡಿಯುತ್ತಾನೆ. ಇವತ್ತು ಯಾವ ಸಾಲೂ ಮರೆಯಲಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ. ಅವನನ್ನು ನೋಡುತ್ತ ನೋಡುತ್ತ ನಾನು ಒಂದು ಪ್ಯಾಂಟಿನ ಎರಡು ಕಾಲುಗಳನ್ನೂ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟೆ. ಬಿಚ್ಚಿ ಹೊಲಿಯುವಷ್ಟರಲ್ಲಿ ಊಟದ ಹೊತ್ತು ಮೀರಿತು.

ಮಾರ್ಚ್ 15, ಶನಿವಾರ

ಆಸ್ಪತ್ರೆ. ಅವನನ್ನು ಹೊರಡಿಸುವುದಕ್ಕೆ ಎರಡು ದಿನ ಜಗಳ ಆಡಬೇಕಾಯಿತು.

ಡಾಕ್ಟರಮ್ಮ ಅವನಿಗೆ ಒಂದಷ್ಟು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳಿದರು. ಚಿತ್ರ ನೋಡಿ ಹಾಗೇ ಬರೆಯಲು ಕೊಟ್ಟರು. ಚದುರಿದ ಅಂಕಿಗಳನ್ನು ಸರಿಯಾದ ಕ್ರಮದಲ್ಲಿ ಗೆರೆ ಎಳೆದು ಸೇರಿಸಬೇಕಿತ್ತು. ಒಂದು ಕಡೆ ಪೆನ್ಸಿಲು ತಡೆದು ನಿಂತಿತು. ನನ್ನ ಬಾಯಿಗೆ ಆ ಅಂಕಿ ಬಂದೇಬಿಟ್ಟಿತ್ತು. ಡಾಕ್ಟರಮ್ಮ ನನ್ನ ಕಡೆ ನೋಡಿದರು, ನುಂಗಿಕೊಂಡೆ.

ಆಮೇಲೆ ವಿವರಿಸಿದರು. ನಾನು ಅಲ್ಲಿಯವರೆಗೆ ಅಂದುಕೊಂಡದ್ದು, ವೈರಸ್ಸು ಮೆದುಳಿಗೆ ಹುಳುವಿನ ಹಾಗೆ ಹೊಕ್ಕು ಯೋಚನೆಯನ್ನು ತಿಂದುಹಾಕುತ್ತದೆ ಎಂದು. ಹಾಗಲ್ಲವಂತೆ.

“ಯೋಚನೆ ಮಾಡೋ ನರಕೋಶಗಳ ಒಳಗೆ ವೈರಸ್ಸು ಸಾಮಾನ್ಯವಾಗಿ ಹೋಗೋದಿಲ್ಲಮ್ಮ. ಅವುಗಳನ್ನ ನೋಡ್ಕೊಳ್ಳೋಕೆ ಅಂತಾನೇ ಸುತ್ತ ಬೇರೆ ಕೋಶಗಳಿರ್ತವೆ. ಊಟ ಒದಗಿಸೋದು, ಕಸ ತೆಗೆಯೋದು, ಕಾವಲು ಕಾಯೋದು ಅವುಗಳ ಕೆಲಸ. ವೈರಸ್ಸು ಸೇರ್ಕೊಳ್ಳೋದು ಅಂಥವುಗಳಲ್ಲಿ.”

ಮಾತ್ರೆಯಿಂದ ವೈರಸ್ಸು ಅಡಗಿದ ಮೇಲೂ ಆ ಕಾವಲಿನ ಕೋಶಗಳು ಕೆಲವರಲ್ಲಿ ಶಾಂತವಾಗುವುದೇ ಇಲ್ಲವಂತೆ. ಒಮ್ಮೆ ಬೆದರಿದವು ಬೆದರಿಯೇ ಇರುತ್ತವೆ. ಶತ್ರುವಿನ ಮೇಲೆ ಸುರಿಯಬೇಕಾದ ರಸಾಯನಗಳನ್ನು ಸುಮ್ಮಸುಮ್ಮನೆ ಸುರಿಯುತ್ತಲೇ ಇರುತ್ತವೆ, ಪಕ್ಕದಲ್ಲಿರುವ ನರಕೋಶದ ಎಳೆಗಳು ಅದರಿಂದ ಸೊರಗುತ್ತವೆ. ಇನ್ನೊಂದು ಬಗೆಯವು ನಕ್ಷತ್ರದ ಆಕಾರದವು. ನರಕೋಶಗಳು ಮಾತಾಡಿಕೊಂಡ ಮೇಲೆ ಉಳಿಯುವ ರಸವನ್ನು ಒರೆಸಿ ತೆಗೆಯುವುದು ಅವುಗಳ ಪಾಲಿನ ಕೆಲಸ. ಅದೂ ಸರಿಯಾಗಿ ನಡೆಯುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಎಂದೆ. ಡಾಕ್ಟರಮ್ಮ ನಕ್ಕರು. ಹಾಗೆ ಬೈಯಬೇಡಿ, ಅವುಗಳಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ತಾವು ಕಾಪಾಡುತ್ತಿದ್ದೇವೆ ಎಂದೇ ಅವುಗಳ ಲೆಕ್ಕ ಎಂದರು. ನನಗೆ ಸಿಟ್ಟು ಬಂತು. ಉದ್ದೇಶ ಕಟ್ಟಿಕೊಂಡು ನಾನೇನು ಮಾಡಲಿ? ಹಾಳಾಗುತ್ತಿರುವುದು ನನ್ನ ತಮ್ಮನ ತಲೆ.

ಸ್ಕ್ಯಾನ್ ಆಗಬೇಕು, ಬೆನ್ನುಹುರಿಯ ನೀರು ತೆಗೆದು ನೋಡಬೇಕು. ಅಲ್ಲಿಯವರೆಗೆ ಎಂದಿನ ಹಾಗೆ ಅವನ ಕೆಲಸ ಅವನೇ ಮಾಡಿಕೊಳ್ಳಲಿ, ನೀವು ಮಾಡಿಕೊಡಲು ಹೋಗಬೇಡಿ ಎಂದು ನನಗೆ ಹೇಳಿದರು. ಹೇಳುವುದು ಸುಲಭ. ಅವರೇನು ಕತ್ತರಿ ಹಿಡಿದವರೇ? ಬಟ್ಟೆ ಒಮ್ಮೆ ತುಂಡಾದರೆ ತಿರುಗಿ ಕೂಡುವುದಿಲ್ಲ.

ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಯ ಪಕ್ಕ ಕೂತು, “ಅಕ್ಕ, ನನ್ನ ತಲೇಲಿ ಕೂಲಿಯವರು ಇದಾರಂತೆ, ಸಂಬಳ ಇಲ್ದೆ” ಎಂದ. ನಗು ಬರಲಿಲ್ಲ.

ಮಾರ್ಚ್ 24, ಸೋಮವಾರ

ಮಾತ್ರೆ ಡಬ್ಬಿಯನ್ನು ನನ್ನ ಬೀರುವಿಗೆ ತಂದಿಟ್ಟುಕೊಂಡೆ. ನಾನೇ ಕೈಗೆ ಕೊಟ್ಟು, ನುಂಗುವುದನ್ನು ನೋಡಿ ಒಳಗೆ ಬರುತ್ತೇನೆ. ಇಷ್ಟು ವರ್ಷ ನಾನೇ ತಗೊಂಡಿದ್ದೇನಲ್ಲ ಎಂದು ಗೊಣಗಿದ. ಇಷ್ಟು ವರ್ಷ ಎರಡು ಎಡ ತೋಳು ಕತ್ತರಿಸಿರಲಿಲ್ಲವಲ್ಲ ಎಂದೆ.

ಒಲೆ ಹಚ್ಚುವುದು ಬೇಡ ಎಂದಿದ್ದೇನೆ. ಮನೆಯ ಬೀಗದ ಕೈ ನನ್ನ ಸೊಂಟದಲ್ಲಿದೆ. ಗಿರಾಕಿಗಳು ಬಂದರೆ ಮೊದಲು ನಾನು ಎದ್ದು ಮಾತಾಡಿಸುತ್ತೇನೆ. ಯಾರದ್ದು ಯಾವ ದಿನಕ್ಕೆ ಎಂದು ಅವರು ಅವನನ್ನು ಕೇಳಿದರೆ, ಅವನು ಬಾಯಿ ತೆರೆಯುವ ಮೊದಲೇ ಉತ್ತರ ನಾನು ಕೊಡುತ್ತೇನೆ. ತಡವರಿಸಿದರೆ ಜನ ಗುರುತು ಹಿಡಿಯುತ್ತಾರೆ. ಇವತ್ತು ಗುರುತು, ನಾಳೆ ಯಾಕೆ ಎಂಬ ಪ್ರಶ್ನೆ, ನಾಡಿದ್ದು ಊರೆಲ್ಲ ಗುಲ್ಲು. ಪಕ್ಕದ ಇಸ್ತ್ರಿ ಅಂಗಡಿಯವನ ಕಿವಿಯಂತೂ ಗೋಡೆಗೇ ಅಂಟಿಕೊಂಡಿರುತ್ತದೆ.

ಒಂದು ವಿಷಯ ಬರೆಯಬೇಕು. ಅವನು ಗುನುಗುವುದು ನಿಂತಿದೆ. ಕೆಲವು ದಿನದಿಂದ ಗಮನಿಸುತ್ತಿದ್ದೇನೆ. ಡಾಕ್ಟರಮ್ಮನಿಗೆ ಹೇಳಬೇಕು, ಇದೂ ಲಕ್ಷಣವೇ ಇರಬೇಕು.

ಏಪ್ರಿಲ್ 2, ಬುಧವಾರ

ಊಟಕ್ಕೆ ಕೂತಾಗ ಸುಮ್ಮನೆ ಮಾತಿಗೆ ಕೇಳುವ ಹಾಗೆ ಕೇಳುತ್ತೇನೆ. ನಿನ್ನೆ ಏನು ತರಕಾರಿ ತಿಂದೆವು? ಮೊನ್ನೆ ಬಂದವರು ಬೂದು ಬಟ್ಟೆ ತಂದರೋ ನೀಲಿಯೋ? ಮೊದಮೊದಲು ಹೇಳುತ್ತಿದ್ದ. ಹೋದ ವಾರ “ನಿನ್ನೆ ನಾನು ತಿಂದಿದ್ದು ನಿನ್ನ ಬೈಗುಳ” ಎಂದ. ಇವತ್ತು ತಟ್ಟೆಯನ್ನೇ ನೋಡುತ್ತ ಕೂತ. ಎರಡು ಸಲ ಕೇಳಿದೆ.

“ಗೊತ್ತಿಲ್ಲ ಅಕ್ಕ.”

ನಿನ್ನೆ ಬೀನ್ಸ್ ಮಾಡಿದ್ದೆ. ಅವನಿಗೆ ಪ್ರಾಣ ಅದು. ಅದನ್ನೂ ಮರೆತಿದ್ದಾನೆ. ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ.

ಏಪ್ರಿಲ್ 3, ಗುರುವಾರ

ಹಾಲು ಉಕ್ಕಿ ಒಲೆ ಆರಿಹೋಗಿ ಮನೆ ತುಂಬ ಗ್ಯಾಸಿನ ವಾಸನೆ. ಒಲೆಯ ಮೇಲಿಟ್ಟದ್ದೇ ನೆನಪಿರಲಿಲ್ಲ, ಅವನು ಅಳತೆಯ ಟೇಪನ್ನು ಯಾವ ಕೈಯಲ್ಲಿ ಹಿಡಿಯುತ್ತಾನೆ ಎಂದು ನೋಡುತ್ತಿದ್ದೆ. ಅವನೇ ಓಡಿ ಹೋಗಿ ಆರಿಸಿ, ಕಿಟಕಿ ತೆಗೆದ. ಒಲೆಯ ಹತ್ತಿರ ಹೋಗಬೇಡ ಎಂದಿದ್ದೆನಲ್ಲ ಎಂದು ನಾನೇ ರೇಗಿದೆ.

ಏಪ್ರಿಲ್ 9, ಬುಧವಾರ

ಗಡಿಯಾರದಜ್ಜ ಬಂದಿದ್ದರು. ಬೀದಿಯ ತುದಿಯಲ್ಲಿ ಕೈಗಡಿಯಾರ ರಿಪೇರಿ ಮಾಡುವವರು. ಪೇಟೆಯ ಗೋಪುರದ ದೊಡ್ಡ ಗಡಿಯಾರಕ್ಕೆ ಕೀಲಿ ಕೊಡುವವರೂ ಅವರೇ. ಇಷ್ಟು ವರ್ಷ ನೋಡಿಕೊಂಡದ್ದಕ್ಕೆ ಮುಂದಿನ ತಿಂಗಳು ವೇದಿಕೆಗೆ ಕರೆದು ಸನ್ಮಾನ ಮಾಡುತ್ತಾರಂತೆ. ಹುಟ್ಟಿದ ಮೇಲೆ ಮೊದಲನೇ ಕೋಟು ಹೊಲಿಸುತ್ತಿದ್ದಾರೆ. ಬಟ್ಟೆ ತಾವೇ ತಂದಿದ್ದಾರೆ. ಹೆಂಡತಿ ಇದ್ದಾಗ ಒಂದು ಕೋಟು ಹೊಲಿಸಿಕೊಳ್ಳಿ ಎಂದು ಪೀಡಿಸಿ ತಂದಿಟ್ಟದ್ದಂತೆ, ಆಕೆ ಹೋಗಿ ಎಷ್ಟೋ ಕಾಲವಾದ ಮೇಲೆ ಈಗ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಕಪ್ಪಿಗೆ ಹತ್ತಿರದ ಕಂದು. ಈಗ ಅಂಥ ನೇಯ್ಗೆ ಎಲ್ಲೂ ಸಿಗುವುದಿಲ್ಲ. ಅಳೆದು ನೋಡಿದರೆ ಒಂದು ಕೋಟಿಗೆ ಸರಿಯಾಗಿ ಇದೆ, ಒಂದು ಅಂಗೈ ಅಗಲವೂ ಹೆಚ್ಚಿಲ್ಲ.

ಬೇರೆ ಅಂಗಡಿಗೆ ಕೊಡಿ, ನಮಗೆ ಕೆಲಸ ಬಹಳ ಇದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತಮ್ಮ ಎದ್ದು ಬಂದು ಬಟ್ಟೆಯ ಮೇಲೆ ಅಂಗೈ ಸವರಿದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಬೆಳಕು ಕಂಡೆ.

“ನಾನು ಮಾಡ್ಕೊಡ್ತೀನಿ ಅಜ್ಜ.”

ಅವನು ಅಳತೆ ತೆಗೆಯುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಅಜ್ಜನದ್ದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಗ್ಗಿ ಬಗ್ಗಿ ಗೂನಾದ ಬೆನ್ನು. ತಮ್ಮ ಅವರ ಬೆನ್ನ ಮೇಲೆ ಟೇಪು ಹಿಡಿದು ತುಂಬ ಹೊತ್ತು ನಿಂತ. ಇಷ್ಟು ಹೊತ್ತು ಯಾಕೆ? ಮೊದಲೆಲ್ಲ ಟೇಪು ಮುಟ್ಟಿಸಿದರೆ ಸಾಕಿತ್ತು.

ಏಪ್ರಿಲ್ 14, ಸೋಮವಾರ

ರಿಪೋರ್ಟು ಬಂತು. ರಕ್ತ ಸ್ವಚ್ಛ. ಸ್ಕ್ಯಾನಿನಲ್ಲಿ ಗಡ್ಡೆ, ಗಾಯ ಏನೂ ಇಲ್ಲ. ಬೆನ್ನುಹುರಿಯ ನೀರಿನಲ್ಲಿ ಮಾತ್ರ ಉರಿಯೂತದ ಗುರುತು ಇದೆ: ಆ ಕಾವಲಿನ ಕೋಶಗಳು ಇನ್ನೂ ಎದ್ದು ಕೂತಿವೆ. ನೆನಪು ಚೆನ್ನಾಗಿಯೇ ಇದೆ, ಕೆಲಸದ ವೇಗ ಸ್ವಲ್ಪ ತಗ್ಗಿದೆ, ಒಮ್ಮೆಗೇ ಎರಡು ಕಡೆ ಗಮನ ಕೊಡುವುದು ಕಷ್ಟ ಎಂದರು. ಒಂದು ಮಾತ್ರೆ ಬದಲಾಯಿಸಿದ್ದಾರೆ. ಕಡಿಮೆಯಾಗಬಹುದು, ಹೀಗೇ ಉಳಿಯಬಹುದು. ಹೆಚ್ಚಾಗುತ್ತದೆಯೇ ಎಂದು ಕೇಳಿದೆ. ಆಗುವುದಿಲ್ಲ ಎಂದು ಮಾತು ಕೊಡಲಾರೆ, ಆದರೆ ಮಾತ್ರೆ ತಪ್ಪಿಸದಿದ್ದರೆ ಭಯಪಡುವಂಥದ್ದೇನೂ ಈಗ ಕಾಣುತ್ತಿಲ್ಲ, ನಿಮ್ಮ ತಮ್ಮನಿಗೆ ಸ್ವಲ್ಪ ಸಮಯ ಕೊಡಿ ಎಂದರು.

ಮಾತು ಕೊಡಲಾರೆ ಎಂದರು. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಅದೊಂದೇ. ಇವತ್ತು ವೇಗ, ನಾಳೆ ಕೈ, ಆಮೇಲೆ ನನ್ನನ್ನೇ ಯಾರು ಎಂದು ಕೇಳಿದರೆ? ಅಮ್ಮ ಸಾಯುವಾಗ ಪುಟ್ಟನನ್ನು ನೋಡಿಕೋ ಎಂದಳು. ನಲವತ್ತು ದಾಟಿದವನು ಈಗಲೂ ನನಗೆ ಪುಟ್ಟನೇ. ಇವನ ತಲೆ ಆರಿಹೋದರೆ ಈ ಮನೆಯಲ್ಲಿ ನಾನೊಬ್ಬಳೇ ಕೂತು ಯಾರ ಜೊತೆ ಜಗಳ ಆಡಲಿ? ಭಯ ಎಂದರೆ ಹೊಟ್ಟೆಯಲ್ಲಿ ಕಲ್ಲು ಹೊತ್ತುಕೊಂಡು ಮೆಟ್ಟಿಲು ಹತ್ತಿದ ಹಾಗೆ ಇರುತ್ತದೆ. ಇಳಿಸಲು ಜಾಗವೇ ಇಲ್ಲ.

ಏಪ್ರಿಲ್ 21, ಸೋಮವಾರ

ದೇವರ ದಯೆ, ಇವತ್ತು ನಾನು ನೋಡಿದೆ.

ಬೆಳಿಗ್ಗೆಯಿಂದ ಅಜ್ಜನ ಕೋಟಿನ ಬಟ್ಟೆ ಹರಡಿ ಗೆರೆ ಎಳೆಯುತ್ತಿದ್ದ. ಎಳೆಯುವುದು, ನಿಲ್ಲುವುದು, ಟೇಪು ಹಿಡಿಯುವುದು. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹೋಗಿ ಹೋಗಿ ಅವನ ಭುಜದ ಹಿಂದೆ ನಿಲ್ಲುತ್ತಿದ್ದೆ. ಮಧ್ಯಾಹ್ನ ಲೈನಿಂಗ್ ಬಟ್ಟೆ ತರ್ತೀನಿ ಎಂದು ಎದ್ದ. ಒಬ್ಬನನ್ನೇ ಕಳಿಸಲು ಮನಸ್ಸಿರಲಿಲ್ಲ, ಆದರೆ ಬೇಡ ಎನ್ನುವ ಮೊದಲೇ ಚಪ್ಪಲಿ ಮೆಟ್ಟಿದ್ದ.

ಅವನು ಹೋದದ್ದೇ ತಡ, ಟೇಪು ತಗೊಂಡು ಕಟಿಂಗ್ ಟೇಬಲ್ಲಿನ ಹತ್ತಿರ ಹೋದೆ. ಮುಂಭಾಗ ಸರಿ ಇದೆ. ಬೆನ್ನಿನ ತುಂಡು ನೋಡುತ್ತೇನೆ, ಕತ್ತಿನಿಂದ ಕಂಕುಳಿನವರೆಗೆ ಬೆರಳಗಲಕ್ಕಿಂತ ಹೆಚ್ಚು ಉದ್ದ ಬಿಟ್ಟಿದ್ದಾನೆ! ನಾನು ಕೋಟು ಕತ್ತರಿಸಿದವಳಲ್ಲ, ಆದರೆ ಇಷ್ಟು ವರ್ಷ ಅವನು ಕತ್ತರಿಸಿದ್ದನ್ನು ಹೊಲಿದಿದ್ದೇನೆ. ಆ ಎತ್ತರದ ಯಾರ ಕೋಟಿಗೂ ಬೆನ್ನು ಇಷ್ಟು ಉದ್ದ ಬಂದದ್ದಿಲ್ಲ. ಅಜ್ಜ ಬೇರೆ ಬಗ್ಗಿ ಕುಳ್ಳಗಾದವರು. ಬೇರೆ ಯಾರದ್ದೋ ಅಳತೆ ತಲೆಯಲ್ಲಿ ಕೂತುಬಿಟ್ಟಿದೆ ಇವನಿಗೆ.

ಬಂದ ಮೇಲೆ ಹೇಳೋಣ ಎನಿಸಿತು. ಹೇಳಿದರೆ ಅವನಿಗೆ ತನ್ನ ತಪ್ಪು ಗೊತ್ತಾಗುತ್ತದೆ, ಪಾಪ, ಕುಗ್ಗಿ ಹೋಗುತ್ತಾನೆ. ಬ್ರಷ್ಷಿನಿಂದ ಆ ಗೆರೆ ಉಜ್ಜಿ ತೆಗೆದೆ. ಎಲ್ಲರಿಗೂ ಬರುವಷ್ಟೇ ಅಳತೆ ಇಟ್ಟು ಬೇರೆ ಗೆರೆ ಎಳೆದೆ. ಚಾಕ್ ಎರಡು ಸಲ ಮುರಿಯಿತು. ಅವನು ಬರುವಷ್ಟರಲ್ಲಿ ಮಿಷನ್ನಿನ ಮುಂದೆ ಕೂತಿದ್ದೆ.

ಬಂದವನು ಟೇಬಲ್ಲಿನ ಮುಂದೆ ನಿಂತ. ಬೆನ್ನಿನ ಗೆರೆಯ ಮೇಲೆ ಬೆರಳಾಡಿಸಿದ. ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ಪೆಡಲು ತುಳಿದೆ. ಬಹಳ ಹೊತ್ತಿನ ಮೇಲೆ ಕತ್ತರಿ ಎತ್ತಿಕೊಂಡು ಆ ಗೆರೆಯ ಮೇಲೇ ಕತ್ತರಿಸಿದ. ಏನೂ ಕೇಳಲಿಲ್ಲ. ತಾನು ಎಳೆದ ಗೆರೆ ಯಾವುದು ಎಂಬುದೂ ಗೊತ್ತಾಗಲಿಲ್ಲ ಅವನಿಗೆ. ನಾನು ಇರದಿದ್ದರೆ ಏನು ಗತಿ!

ಏಪ್ರಿಲ್ 26, ಶನಿವಾರ

ಟ್ರಯಲ್ ನೋಡಲು ಅಜ್ಜ ಬಂದಿದ್ದರು. ಕೋಟು ಹಾಕಿದರೆ ಕಾಲರು ಕತ್ತಿನಿಂದ ದೂರ ನಿಂತಿತು. ಹಿಂದಿನ ಅಂಚು ಬಾತುಕೋಳಿಯ ಬಾಲದ ಹಾಗೆ ಮೇಲಕ್ಕೆದ್ದಿತು. ಎಳೆದು ಕೂರಿಸಿದರೆ ಕಂಕುಳು ಬಿಗಿಯುತ್ತದೆ. ಅಜ್ಜ ಕನ್ನಡಿಯಲ್ಲಿ ನೋಡಿಕೊಂಡರು. ಅಡ್ಡಿಯಿಲ್ಲ ಬಿಡಪ್ಪ, ನನ್ನ ಬೆನ್ನೇ ಸರಿ ಇಲ್ಲ, ಕೋಟು ಏನು ಮಾಡುತ್ತದೆ ಎಂದು ಅವರೇ ಸಮಾಧಾನ ಹೇಳಿದರು. ಹೆಂಡತಿ ಕೊಡಿಸಿದ ಬಟ್ಟೆಯನ್ನು ಭುಜದ ಮೇಲೆ ಒಮ್ಮೆ ಸವರಿಕೊಂಡು ಕಳಚಿಕೊಟ್ಟರು.

ತಮ್ಮನ ಮುಖ ಬಿಳುಚಿಕೊಂಡಿತ್ತು. ಇವನಿಗೆ ಸ್ವಲ್ಪ ದಿನದಿಂದ ಹುಷಾರಿಲ್ಲ ಅಜ್ಜ ಎಂದು ನಾನೇ ಸಂಭಾಳಿಸಿದೆ.

ನಾನು ಎಳೆದ ಗೆರೆ ಸರಿಯಾಗಿಯೇ ಇತ್ತು. ಇವನು ಬೇರೆ ಎಲ್ಲೋ ತಪ್ಪಿದ್ದಾನೆ.

ಮೇ 1, ಗುರುವಾರ

ಕತ್ತರಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಬೀರುವಿನ ಮೇಲೆ ಇಟ್ಟ. ಕಟಿಂಗ್ ಟೇಬಲ್ಲು ಯಾರಿಗಾದರೂ ಬೇಕಿದ್ದರೆ ಹೇಳು ಎಂದು ಇಸ್ತ್ರಿಯವನಿಗೆ ಹೇಳಿ ಬಂದನಂತೆ. ಇಸ್ತ್ರಿಯವನು ಓಡಿ ಬಂದು ನನ್ನನ್ನು ಕೇಳಿದ. ಇವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಅದಕ್ಕಿಂತ ದೊಡ್ಡದು ಆಮೇಲೆ ಆಯಿತು. ಮಾತ್ರೆ ಕೊಡಲು ಹೋದರೆ ಕೈ ಚಾಚಲಿಲ್ಲ. ನಿನ್ನೆ ನನ್ನ ಮುಂದೆ ನುಂಗಿದ ಹಾಗೆ ಮಾಡಿದ್ದೂ ದಿಂಬಿನ ಕೆಳಗೇ ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ.

“ಯಾಕೆ ತಗೋಬೇಕು ಹೇಳು? ಕೈ ಹೋಯ್ತು. ಇನ್ನು ಉಳಿಸ್ಕೊಂಡು ಏನ್ಮಾಡ್ಲಿ?”

ಬೈದೆ, ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಮತ್ತೆ ಗೋಡೆಯ ಕಡೆ ತಿರುಗಿದ. ಮಾತ್ರೆ ಬಿಟ್ಟರೆ ಅಡಗಿದ್ದ ವೈರಸ್ಸು ಮತ್ತೆ ಏಳುತ್ತದೆ. ಇಷ್ಟು ದಿನ ಹೆದರಿದ್ದೆಲ್ಲ ಆಟವಾಗಿತ್ತು ಎನಿಸುತ್ತಿದೆ. ಈಗ ಹೆದರಿಕೆ ಎಂದರೆ ಏನು ಎಂದು ಗೊತ್ತಾಗುತ್ತಿದೆ.

ಮೇ 2, ಶುಕ್ರವಾರ

ಇವತ್ತೂ ಮಾತ್ರೆ ಮುಟ್ಟಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಒತ್ತಾಯ ಬೇಡ, ಮಾತಾಡಿಸಿ, ನಾಳೆ ಕರೆತನ್ನಿ ಎಂದರು. ಏನು ಮಾತಾಡಲಿ? ನಿನ್ನ ತಪ್ಪು ಇಂಥಲ್ಲಿ ಆಯಿತು, ಇದು ಸಣ್ಣದು, ಸರಿ ಮಾಡಬಹುದು ಎಂದು ತೋರಿಸಿದರೆ ಎದ್ದಾನು ಎಂದುಕೊಂಡು ಅಜ್ಜನ ಕೋಟು ಬಿಚ್ಚಲು ಕೂತೆ.

ಅವನು ಬರೆದ ಅಳತೆಯ ಚೀಟಿ ಇತ್ತು. ಬೆನ್ನಿಗೆ ಬರೆದದ್ದು ಅವನು ಮೊದಲು ಎಳೆದ ಗೆರೆಗೆ ಸರಿಯಾಗಿಯೇ ಇದೆ. ಹಾಗಾದರೆ ಅಳತೆಯೇ ತಪ್ಪು ತೆಗೆದಿದ್ದಾನೆ ಎಂದುಕೊಂಡು, ಸಾಮಾನ್ಯವಾಗಿ ಬೆನ್ನು ಎಷ್ಟು ಬರುತ್ತದೆ ನೋಡೋಣ ಎಂದು ಟೇಪಿನ ತುದಿಯನ್ನು ನನ್ನ ರವಿಕೆಯ ಕತ್ತಿನ ಅಂಚಿಗೇ ಪಿನ್ನು ಚುಚ್ಚಿ ಸೊಂಟದವರೆಗೆ ಹಿಡಿದೆ. ನೆಟ್ಟಗೆ ನಿಂತು ನೋಡಿದೆ. ಅಷ್ಟರಲ್ಲಿ ಪಿನ್ನಿನ ಡಬ್ಬಿ ಕೆಳಗೆ ಬಿತ್ತು. ಹೆಕ್ಕಲು ಬಗ್ಗಿದೆ. ಟೇಪು ಬೆರಳುಗಳ ನಡುವಿನಿಂದ ಜಾರಿ ಮೇಲೆ ಹೋಯಿತು.

ಮತ್ತೆ ನೆಟ್ಟಗಾದೆ, ಮತ್ತೆ ಬಗ್ಗಿದೆ. ಮತ್ತೆ ಜಾರಿತು.

ಬಗ್ಗಿದರೆ ಮನುಷ್ಯ ಕುಳ್ಳಗಾಗುತ್ತಾನೆ. ಬೆನ್ನು ಉದ್ದವಾಗುತ್ತದೆ. ಅಷ್ಟು ಹೊತ್ತು ಟೇಪು ಹಿಡಿದು ನಿಂತು ಅವನು ಅಳೆದದ್ದು ಅದನ್ನೇ. ಅವನ ಗೆರೆ ಸರಿ ಇತ್ತು. ಕೆಡಿಸಿದ್ದು ನಾನು.

ಪಿನ್ನುಗಳ ನಡುವೆಯೇ ನೆಲದ ಮೇಲೆ ಕೂತುಬಿಟ್ಟೆ. ಹೇಳದಿದ್ದರೆ ಅವನು ಮಾತ್ರೆ ತಗೊಳ್ಳುವುದಿಲ್ಲ. ಹೇಳಿದರೆ ನನ್ನ ಮುಖ ಇನ್ನು ನೋಡುತ್ತಾನೋ ಇಲ್ಲವೋ. ಹೇಳುವುದಕ್ಕೂ ಹೆದರಿಕೆ, ಹೇಳದಿರುವುದಕ್ಕೂ ಹೆದರಿಕೆ. ಕಾಲು ಎಳೆದುಕೊಂಡು ಅವನ ಕೋಣೆಗೆ ಹೋದೆ.

“ಆ ಬೆನ್ನಿನ ಗೆರೆ ನಾನು ಅಳಿಸಿದ್ದು ಕಣೋ. ನೀನು ಲೈನಿಂಗ್ ತರೋಕೆ ಹೋದಾಗ. ನಿಂದು ಸರಿ ಇತ್ತು.”

ಗೋಡೆಯ ಕಡೆಯಿಂದ ಈ ಕಡೆ ತಿರುಗಿದ. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ.

“ನೀನು ಅಳಿಸಿದ್ದು ಗೊತ್ತಕ್ಕ. ನಿನ್ನ ಗೆರೆ ನಂಗೆ ಗೊತ್ತಾಗಲ್ವಾ? ನೀನು ಚಾಕ್ ಒತ್ತಿ ಎಳೀತೀಯ.”

“ಗೊತ್ತಿದ್ದೂ ಯಾಕೋ ಅದರ ಮೇಲೇ ಕತ್ತರಿಸಿದೆ?”

ಅವನು ನನ್ನನ್ನೇ ನೋಡುತ್ತಿದ್ದ. ಸಣ್ಣವನಿದ್ದಾಗ ಜ್ವರ ಬಂದರೆ ಹೀಗೇ ನೋಡುತ್ತಿದ್ದ.

“ಬೆಳಗಿಂದ ರಾತ್ರಿವರೆಗೂ ನನ್ನನ್ನೇ ನೋಡ್ತಿರ್ತೀಯಲ್ಲ. ನನ್ನ ತಲೆ ಎಷ್ಟು ಹೋಗಿದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತೆ ಅಂದ್ಕೊಂಡೆ. ನೀನು ಅಳಿಸಿದೀಯ ಅಂದ್ರೆ ನಂದು ತಪ್ಪೇ ಇರಬೇಕು ಅಂತ.”



ಮೇ 3, ಶನಿವಾರ

ಆಸ್ಪತ್ರೆಗೆ ಹೋಗಿದ್ದೆವು. ಒಳಗೆ ಅವನೊಬ್ಬನೇ ಹೋದ. ನಾನು ಹೊರಗೆ ಬೆಂಚಿನ ಮೇಲೆ.

ಬಂದ ಮೇಲೆ ಮಾತ್ರೆ ಡಬ್ಬಿಯನ್ನು ನನ್ನ ಬೀರುವಿನಿಂದ ತೆಗೆದು ಅವನ ಕೋಣೆಯಲ್ಲಿ ಇಟ್ಟೆ. ತಗೊಳ್ಳುತ್ತೀಯಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬೀಗದ ಕೈಯನ್ನೂ ಮೊಳೆಗೆ ನೇತುಹಾಕಿದೆ.

ಮೇ 6, ಮಂಗಳವಾರ

ಬೆನ್ನಿನ ತುಂಡನ್ನು ಸರಿ ಮಾಡಬಹುದು ಎಂದ. ಕೋಟಿನ ಕೆಳಗೆ ಒಳಕ್ಕೆ ಮಡಚುವ ಪಟ್ಟಿಯನ್ನು ಬಿಡಿಸಿ, ಅದನ್ನು ಕತ್ತಿನ ಕೆಳಗೆ ಭುಜದಿಂದ ಭುಜಕ್ಕೆ ಜೋಡಿಸಬೇಕು. ಕೆಳಗೆ ಬೇಕಾದರೆ ಲೈನಿಂಗ್ ಬಟ್ಟೆಯನ್ನೇ ಮಡಚಿ ಕೊಡಬಹುದು. ಬಟ್ಟೆ ಅಷ್ಟೇ ಇದೆ. ಇದೂ ತಪ್ಪಿದರೆ ಮುಗಿಯಿತು. ಅಜ್ಜನ ಹತ್ತಿರ ಹೋಗಿ, ತಪ್ಪಿದ್ದು ನನ್ನ ಕೈ, ಅವನದ್ದಲ್ಲ ಎಂದು ನಾನೇ ಹೇಳಿ ಬಂದೆ. ಅವರು ಗಾಜು ಕಣ್ಣಿಂದ ತೆಗೆಯದೆಯೇ ಕೇಳಿಸಿಕೊಂಡು, ಅವನೇ ಮಾಡಲಿ ಎಂದರು.

ಬೀರುವಿನ ಮೇಲಿಂದ ಕತ್ತರಿ ಇಳಿಸಿಕೊಂಡ. ನಾನು ನೆಲದ ಮೇಲೆ ಬಿದ್ದಿದ್ದ ದಾರ ಹೆಕ್ಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ.

“ಅಕ್ಕ, ನೀನು ಸ್ವಲ್ಪ ಹೊರಗೆ ಕೂತಿರು” ಎಂದ. ಜಗಳದ ದನಿಯಲ್ಲಿ ಅಲ್ಲ.

ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು ಎಂದು ಈ ಡೈರಿ ತಂದುಕೊಂಡೆ. ಇಸ್ತ್ರಿಯವನು ಇಣುಕಿ, ಏನಕ್ಕ, ನಿಮ್ಮನ್ನೂ ಒಣಗಲು ಹಾಕಿದ್ದಾರಾ ಎಂದು ಕೇಳಿ ಹೋದ.

ಟೇಬಲ್ಲಿನ ಮೇಲೆ ಬಟ್ಟೆ ಹರಡಿದ ಸದ್ದು. ಚಾಕಿನ ಸದ್ದು. ಬಹಳ ನಿಧಾನ. ಮೊದಲು ಇಷ್ಟು ನಿಧಾನ ಇರಲಿಲ್ಲ, ಅದು ನಿಜ. ನಾನು ಕಟ್ಟಿದ ಕತೆಯಲ್ಲ, ರಿಪೋರ್ಟಿನಲ್ಲೇ ಇದೆ. ಬೆಳಿಗ್ಗೆ ಮಾತ್ರೆ ತಗೊಂಡನೋ ಇಲ್ಲವೋ ನನಗೆ ಗೊತ್ತಿಲ್ಲ. ಡಬ್ಬಿ ತೆರೆದು ನೋಡಿಲ್ಲ. ಮೂರು ದಿನದಿಂದ ನೋಡಿಲ್ಲ.

ಕತ್ತರಿ ಶುರುವಾಯಿತು.

ನಡೆಯುತ್ತಿದೆ.

ನಿಂತಿತು.

ಇನ್ನೂ ನಿಂತೇ ಇದೆ. ತಿರುವಿನಲ್ಲಿ ಇರಬೇಕು, ಅಲ್ಲಿ ನಿಲ್ಲಿಸುವುದು ಅವನ ಅಭ್ಯಾಸ. ಅಥವಾ ಏನು ಮಾಡುತ್ತಿದ್ದೆ ಎಂಬುದೇ ಮರೆತು ಕತ್ತರಿ ಹಿಡಿದು ನಿಂತಿದ್ದಾನೋ? ಬಾಗಿಲು ಸ್ವಲ್ಪ ಸರಿಸಿದರೆ ಗೊತ್ತಾಗುತ್ತದೆ. ಕೈಗೆ ಎಟುಕುವಷ್ಟು ಹತ್ತಿರ ಇದೆ ಬಾಗಿಲು.

ಯೋಚಿಸುತ್ತಿರಬಹುದು. ಯೋಚಿಸಲಿ.

ನಾನು ಇನ್ನೂ ಎದ್ದಿಲ್ಲ.